ಹಳೆಯ ಟ್ಯಾಬ್ಲೆಟ್‌ಗೆ ಬೇರೆ ಆಪರೇಟಿಂಗ್ ಸಿಸ್ಟಮ್

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಅಂದಿನ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆ ಮಾಡಿದರು. ವಿದ್ಯಾರ್ಥಿಗಳ ಕೈಗೆಟುಕುವ ಕಂಪ್ಯೂಟರ್ ಎಂದು ಅದು ದೇಶವಿಡೀ ಸುದ್ದಿಯಾಯಿತು. ಡೇಟಾವಿಂಡ್ ಕಂಪನಿ ತಯಾರಿಸಿದ ಆ ಸಾಧನಕ್ಕೆ ಏಳು ಇಂಚಿನ ಪರದೆ, 366 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 256 ಎಂಬಿ ರ್‍ಯಾಮ್ ಇದ್ದವು. ಒಳಗೆ ಆಂಡ್ರಾಯ್ಡ್ 2.2. ಬೆರಳಿನಿಂದ ಒತ್ತಿದರಷ್ಟೇ ಕೆಲಸ ಮಾಡುತ್ತಿದ್ದ ಆ ಪರದೆಯ ಬಗ್ಗೆ ದೂರುಗಳು ಬೇಗನೆ ಬಂದವು. ಯೋಜನೆಯ ಹೊಣೆ ರಾಜಸ್ಥಾನದ ಐಐಟಿಯಿಂದ ಬಾಂಬೆ ಐಐಟಿಗೆ ದಾಟಿತು. 2012ರ ನವೆಂಬರ್ 11ರಂದು ದೆಹಲಿಯಲ್ಲೇ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ‘ಆಕಾಶ್-2’ ಬಿಡುಗಡೆ ಮಾಡಿದರು. ಅದರಲ್ಲಿ 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ರ್‍ಯಾಮ್, ಆಂಡ್ರಾಯ್ಡ್ 4.0 ಇದ್ದವು.

ಕನ್ನಡ ಓದುವವರ ಕಣ್ಣಿನಿಂದ ನೋಡಿದರೆ ಈ ಎರಡೂ ಆವೃತ್ತಿಗಳಲ್ಲಿ ಒಂದು ದೊಡ್ಡ ಕೊರತೆಯಿತ್ತು. ಆಂಡ್ರಾಯ್ಡ್ ತಾನಾಗಿಯೇ ಕನ್ನಡ, ತೆಲುಗು, ಮಲಯಾಳಂ ಭಾಷೆಗಳನ್ನು ಬೆಂಬಲಿಸಲು ಶುರುಮಾಡಿದ್ದು 2012ರ ಮಧ್ಯಭಾಗದಲ್ಲಿ ಬಂದ 4.1ನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು, ತಯಾರಕರು ತಾವೇ ಮುತುವರ್ಜಿ ವಹಿಸಿ ಸೇರಿಸದಿದ್ದರೆ, ಕನ್ನಡ ಪುಟ ತೆರೆದಾಗ ಸಾಲು ಸಾಲು ಖಾಲಿ ಚೌಕಗಳೇ ಕಾಣುತ್ತಿದ್ದವು. ಆ ಕಾಲದಲ್ಲಿ ಅನೇಕರು ಒಪೆರಾ ಮಿನಿ ಬ್ರೌಸರ್‌ನ ಒಳಸೆಟ್ಟಿಂಗ್ ಬದಲಿಸಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಸುದ್ದಿ ಓದುತ್ತಿದ್ದರು. ಬ್ರೌಸರ್‌ನ ಆಚೆಗೆ ಆ ಉಪಾಯ ನಡೆಯುತ್ತಿರಲಿಲ್ಲ. ಅದೇ ಹೊತ್ತಿಗೆ ಕಂಪ್ಯೂಟರ್‌ಗಳ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಲೋಹಿತ್‌ನಂಥ ಮುಕ್ತ ಫಾಂಟ್‌ಗಳಿದ್ದವು. ಒತ್ತಕ್ಷರ, ಕಾಗುಣಿತ ಎಲ್ಲ ಮೂಡುತ್ತಿದ್ದವು. ಯಂತ್ರದ ಶಕ್ತಿ ಸಾಲದೆ ಕನ್ನಡ ಕಾಣದೇ ಹೋದದ್ದಲ್ಲ, ಅದರೊಳಗೆ ತುಂಬಿದ್ದ ತಂತ್ರಾಂಶ ಹಾಗಿತ್ತು.

ಬಾಂಬೆ ಐಐಟಿಯ ಆಕಾಶ್ ತಂಡ ಆ ತಂತ್ರಾಂಶವನ್ನೇ ಬದಲಿಸಿ ನೋಡಿತು. ಸೈಲ್ಯಾಬ್, ಪೈಥಾನ್‌ನಂಥ ಮುಕ್ತ ತಂತ್ರಾಂಶಗಳನ್ನು ಟ್ಯಾಬ್ಲೆಟ್‌ಗೆ ತರುವ ಕೆಲಸದ ಜತೆಗೆ, ಮೈಕ್ರೋ ಎಸ್‌ಡಿ ಕಾರ್ಡ್‌ನಿಂದ ಇಡೀ ಗ್ನು/ಲಿನಕ್ಸ್ ಓಡಿಸುವ ವಿಧಾನವನ್ನು ಸಿದ್ಧಪಡಿಸಿ ಎಲ್ಲರಿಗೂ ತೆರೆದಿಟ್ಟಿತು. ಕಾರ್ಡ್ ಹಾಕಿ ಪವರ್ ಗುಂಡಿ ಒತ್ತಿದರೆ ಲಿನಕ್ಸ್. ಕಾರ್ಡ್ ತೆಗೆದು ಮತ್ತೆ ಒತ್ತಿದರೆ ಮೊದಲಿನ ಆಂಡ್ರಾಯ್ಡ್.

ಇಷ್ಟು ಸಲೀಸಾಗಿ ಇದು ಸಾಧ್ಯವಾಗಲು ಕಾರಣ ಆಕಾಶ್-2ರ ಒಳಗಿದ್ದ ಆಲ್‌ವಿನ್ನರ್ ಎ13 ಚಿಪ್. ಪವರ್ ಗುಂಡಿ ಒತ್ತಿದ ಕ್ಷಣದಲ್ಲಿ ಯಾವುದೇ ಟ್ಯಾಬ್ಲೆಟ್‌ನ ಚಿಪ್ ತನ್ನೊಳಗೆ ಕಾರ್ಖಾನೆಯಲ್ಲೇ ಅಚ್ಚಾದ ಪುಟ್ಟ ಪ್ರೋಗ್ರಾಮೊಂದನ್ನು ಓಡಿಸುತ್ತದೆ. ಮುಂದಿನ ಆದೇಶಗಳನ್ನು ಎಲ್ಲಿಂದ ಓದಬೇಕು ಎಂದು ಹುಡುಕುವುದೇ ಅದರ ಕೆಲಸ. ಎ13ರಲ್ಲಿ ಅದು ಮೊದಲು ನೋಡುವುದು ಎಸ್‌ಡಿ ಕಾರ್ಡನ್ನು: ಕಾರ್ಡ್‌ನ ಆರಂಭದಿಂದ 8 ಕಿಲೋಬೈಟ್ ಆಚೆಗೆ ಗೊತ್ತಾದ ಗುರುತೊಂದು ಇದೆಯೇ ಎಂದು ಪರೀಕ್ಷಿಸುತ್ತದೆ. ಇದ್ದರೆ ಅಲ್ಲಿರುವ ಬೂಟ್‌ಲೋಡರನ್ನು ಎಬ್ಬಿಸುತ್ತದೆ, ಇಲ್ಲದಿದ್ದರೆ ಒಳಸಂಗ್ರಹದತ್ತ ತಿರುಗುತ್ತದೆ. ಬೂಟ್‌ಲೋಡರ್ ಎದ್ದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲನ್ನು ಮೆಮೊರಿಗೆ ತುಂಬುತ್ತದೆ. ಕರ್ನಲ್ ಪರದೆ, ಸ್ಪರ್ಶ, ವೈಫೈಗಳನ್ನು ಒಂದೊಂದಾಗಿ ಚಾಲೂ ಮಾಡುತ್ತದೆ.

ಕಷ್ಟ ಎದುರಾಗುವುದು ಈ ಕೊನೆಯ ಹಂತದಲ್ಲೇ. ಡೆಸ್ಕ್‌ಟಾಪ್ ಕಂಪ್ಯೂಟರ್‌ನಲ್ಲಿ ಯಾವ ಭಾಗ ಎಲ್ಲಿದೆ ಎಂದು ಯಂತ್ರವೇ ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುತ್ತದೆ. ಟ್ಯಾಬ್ಲೆಟ್‌ಗಳಲ್ಲಿ ಆ ಏರ್ಪಾಡು ಇಲ್ಲ. ಪರದೆಯ ಅಳತೆ ಎಷ್ಟು, ಸ್ಪರ್ಶದ ಚಿಪ್ ಯಾವ ತಂತಿಗೆ ಸೇರಿದೆ ಎಂಬುದನ್ನೆಲ್ಲ ಯಾರೋ ಮೊದಲೇ ಬರೆದಿಡಬೇಕು. ಆಲ್‌ವಿನ್ನರ್ ಸಾಧನಗಳಲ್ಲಿ ಈ ವಿವರ ಒಂದು ಪ್ರತ್ಯೇಕ ಕಡತದಲ್ಲಿ ಇರುತ್ತಿತ್ತು. ನೋಡಲು ಒಂದೇ ರೀತಿಯಿರುವ ಎರಡು ಟ್ಯಾಬ್ಲೆಟ್‌ಗಳಲ್ಲಿ ಒಂದರ ಕಡತವನ್ನು ಇನ್ನೊಂದಕ್ಕೆ ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಇಂಥ ವಿವರಗಳನ್ನು ಹೆಕ್ಕಿ ಕಲೆಹಾಕಿದವರು ಲಿನಕ್ಸ್-ಸನ್‌ಶಿ ಎಂಬ ಸ್ವಯಂಸೇವಕರ ಬಳಗದವರು. ಎ13ರ ಮಾಲಿ-400 ಗ್ರಾಫಿಕ್ಸ್‌ನ ಒಳಗುಟ್ಟನ್ನಂತೂ ಅದನ್ನು ರೂಪಿಸಿದ ಕಂಪನಿ ಬಿಟ್ಟುಕೊಡಲಿಲ್ಲ. ಅದಕ್ಕೊಂದು ಮುಕ್ತ ಚಾಲಕ ತಂತ್ರಾಂಶ ಲಿನಕ್ಸ್ ಕರ್ನಲ್ ಸೇರಲು 2019ರವರೆಗೆ ಕಾಯಬೇಕಾಯಿತು. ಹಳೆಯ ಟ್ಯಾಬ್ಲೆಟ್ ಮತ್ತೆ ಬದುಕುವುದೋ ಇಲ್ಲವೋ ಎಂಬುದು ಅದರ ರ್‍ಯಾಮ್‌ಗಿಂತ ಹೆಚ್ಚಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ: ಬೂಟ್‌ಲೋಡರ್ ಹೊರಗಿನ ತಂತ್ರಾಂಶವನ್ನು ಒಳಗೆ ಬಿಡುತ್ತದೆಯೇ, ಯಂತ್ರದ ವಿವರ ಯಾರಿಗಾದರೂ ತಿಳಿದಿದೆಯೇ.

ಆಂಡ್ರಾಯ್ಡನ್ನೇ ತಿದ್ದಿ ಬೇರೆ ರೂಪದಲ್ಲಿ ಕೊಡುವ ದಾರಿ ಇನ್ನೊಂದು. 2009ರಲ್ಲಿ ಸ್ಟೀವ್ ಕೊಂಡಿಕ್ ಆರಂಭಿಸಿದ ಸಯನೋಜೆನ್‌ಮಾಡ್ ಇದರಲ್ಲಿ ಹೆಸರುವಾಸಿ. ಮುಂದೆ ಅದರಿಂದ ಸಯನೋಜೆನ್ ಎಂಬ ಕಂಪನಿಯೂ ಹುಟ್ಟಿತು. ಭಾರತದಲ್ಲಿ ಸಯನೋಜೆನ್ ಯಾರ ಪಾಲಿಗೆ ಎಂಬ ಜಗಳ 2014ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್‌ವರೆಗೆ ಹೋಯಿತು. ಗುರುಗ್ರಾಮದ ಮೈಕ್ರೋಮ್ಯಾಕ್ಸ್ ತನ್ನ ‘ಯು’ ಫೋನ್‌ಗಳಿಗೆ ಅದರ ಏಕಸ್ವಾಮ್ಯ ಪಡೆದಿತ್ತು. ಒನ್‌ಪ್ಲಸ್ ಕೂಡ ಸಯನೋಜೆನ್ ಹೊತ್ತ ಫೋನನ್ನೇ ಇಲ್ಲಿ ಮಾರಲು ಬಂದಿತ್ತು. ಏಕಸದಸ್ಯ ಪೀಠ ಒನ್‌ಪ್ಲಸ್ ಮಾರಾಟಕ್ಕೆ ತಡೆ ನೀಡಿತು, ಅದೇ ತಿಂಗಳು ವಿಭಾಗೀಯ ಪೀಠ ತಡೆ ತೆರವುಗೊಳಿಸಿತು. ಮರುವರ್ಷ ಒನ್‌ಪ್ಲಸ್ ತನ್ನದೇ ಆಕ್ಸಿಜನ್‌ಓಎಸ್ ತಂದಿತು. ಸಯನೋಜೆನ್ ಕಂಪನಿ 2016ರ ಕೊನೆಗೆ ತನ್ನ ಸೇವೆಗಳನ್ನು ನಿಲ್ಲಿಸಿತು. ಮುಕ್ತವಾಗಿದ್ದ ಅದರ ಕೋಡ್ ಮಾತ್ರ ಉಳಿಯಿತು. ಸ್ವಯಂಸೇವಕರು ಅದನ್ನೆತ್ತಿಕೊಂಡು ಲಿನಿಯೇಜ್‌ಓಎಸ್ ಹೆಸರಿನಲ್ಲಿ ಇಂದಿಗೂ ನಡೆಸುತ್ತಿದ್ದಾರೆ.

ಅದರ ಫಲ ಕಾಣಬೇಕಾದರೆ ಗೂಗಲ್‌ಗಾಗಿ ಏಸಸ್ ತಯಾರಿಸಿದ ನೆಕ್ಸಸ್ 7 ನೋಡಬೇಕು. 2013ರ ಮಾದರಿಗೆ ಅಧಿಕೃತವಾಗಿ ಸಿಕ್ಕ ಕೊನೆಯ ಆಂಡ್ರಾಯ್ಡ್ 6.0.1. ಲಿನಿಯೇಜ್ ಬಳಗ ಅದೇ ಯಂತ್ರಕ್ಕೆ ಆಂಡ್ರಾಯ್ಡ್ 11ರ ರೂಪವನ್ನು ಒದಗಿಸಿತು. ಹೊಸ ಸಿಸ್ಟಮ್ ಹಿಡಿಸಲು ಒಳಸಂಗ್ರಹದ ವಿಭಾಗಗಳನ್ನೇ ಮರುಹಂಚಿಕೆ ಮಾಡಬೇಕಾಯಿತು. ಲಿನಕ್ಸ್ ಆಧಾರಿತ ಉಬುಂಟು ಟಚ್ ಕೂಡ ಆ ಟ್ಯಾಬ್ಲೆಟ್ ಮೇಲೆ ಓಡಿತು. ಅದನ್ನು ಕಟ್ಟಿದ ಕೆನಾನಿಕಲ್ ಕಂಪನಿ 2017ರಲ್ಲಿ ಕೈಬಿಟ್ಟಾಗ ಯುಬಿಪೋರ್ಟ್ಸ್ ಬಳಗ ಹೊಣೆ ಹೊತ್ತಿತು. ಅದೇ ವರ್ಷ ಹುಟ್ಟಿದ ಪೋಸ್ಟ್‌ಮಾರ್ಕೆಟ್‌ಓಎಸ್ ಒಂದು ಸಾಧನ ಹತ್ತು ವರ್ಷ ಬಾಳಬೇಕೆಂಬ ಗುರಿಯನ್ನೇ ಇಟ್ಟುಕೊಂಡಿದೆ.

ದೆಹಲಿಯ ನೆಹರೂ ಪ್ಲೇಸ್‌ನಲ್ಲೋ ಕರೋಲ್ ಬಾಗ್‌ನ ಗಫಾರ್ ಮಾರ್ಕೆಟ್‌ನಲ್ಲೋ ಟ್ಯಾಬ್ಲೆಟ್ ಕೊಟ್ಟರೆ ರಿಪೇರಿಯವರು ‘ಸಾಫ್ಟ್‌ವೇರ್’ ಹಾಕಿಕೊಡುತ್ತಾರೆ. ಅಲ್ಲಿ ಸಾಮಾನ್ಯವಾಗಿ ನಡೆಯುವುದು ಕಂಪನಿಯ ಹಳೆಯ ತಂತ್ರಾಂಶವನ್ನೇ ಮತ್ತೆ ತುಂಬುವ ಕೆಲಸ. ಕೆಟ್ಟು ನಿಂತ ಸಾಧನಕ್ಕೆ ಅದು ಸಾಕು. ಕಾಲ ಮುಗಿದ ಸಾಧನಕ್ಕೆ ಸಾಲದು. ಒಂದು ನಿದರ್ಶನ ಕೊಡಬಹುದು. ಅಸಂಖ್ಯ ಜಾಲತಾಣಗಳಿಗೆ ಭದ್ರತಾ ಪ್ರಮಾಣಪತ್ರ ಒದಗಿಸುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲ ಪ್ರಮಾಣಪತ್ರ 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್‌ಗಳಲ್ಲಿ ಇಲ್ಲ. ಹಾಗಾಗಿ ಅಂಥ ಟ್ಯಾಬ್ಲೆಟ್ ಎಷ್ಟು ಚೆನ್ನಾಗಿದ್ದರೂ ಎಷ್ಟೋ ಪುಟಗಳ ಮುಂದೆ ಎಚ್ಚರಿಕೆ ತೋರಿಸಿ ನಿಲ್ಲುತ್ತದೆ. ಪ್ರಮಾಣಪತ್ರಗಳನ್ನು ತನ್ನೊಳಗೇ ಇಟ್ಟುಕೊಂಡಿರುವ ಫೈರ್‌ಫಾಕ್ಸ್ ಇದ್ದರೆ ಕೊಂಚ ಕಾಲ ತಳ್ಳಬಹುದು, ಅಷ್ಟೆ.

ಕೆಲಸಕ್ಕೆ ಕೈಹಾಕುವವರು ಮೊದಲು ನೋಡಬೇಕಾದದ್ದು ಡಬ್ಬಿಯ ಮೇಲಿನ ಹೆಸರನ್ನಲ್ಲ, ಸೆಟ್ಟಿಂಗ್ಸ್‌ನೊಳಗಿನ ಮಾದರಿ ಸಂಖ್ಯೆಯನ್ನು. ಒಂದೇ ಹೆಸರಿನ ವೈಫೈ ಮಾದರಿಗೂ ಸಿಮ್ ಮಾದರಿಗೂ ಬೇರೆ ಬೇರೆ ಕಡತಗಳಿರುತ್ತವೆ. ಆ ಸಂಖ್ಯೆ ಲಿನಿಯೇಜ್‌ನ ಪಟ್ಟಿಯಲ್ಲಿ ಇದ್ದರೆ ಅರ್ಧ ದಾರಿ ಸಾಗಿದಂತೆ. ಇಲ್ಲವಾದರೆ, ಅಪರಿಚಿತರು ಕೊಟ್ಟ ಯಾವುದೋ ಕಡತ ತುಂಬುವುದಕ್ಕಿಂತ ಸುಮ್ಮನಿರುವುದು ಒಳ್ಳೆಯದು. ಪಟ್ಟಿಯಲ್ಲಿದ್ದರೆ, ಬಳಿಕ ಫೋಟೊ, ದಾಖಲೆಗಳನ್ನೆಲ್ಲ ಬೇರೆಡೆ ನಕಲಿಸಿಕೊಳ್ಳಬೇಕು, ಏಕೆಂದರೆ ಬೂಟ್‌ಲೋಡರ್ ಬೀಗ ತೆರೆದೊಡನೆ ಒಳಗಿನದ್ದೆಲ್ಲ ಅಳಿಸಿಹೋಗುತ್ತದೆ. ಡೆವಲಪರ್ ಆಯ್ಕೆಗಳಲ್ಲಿ ‘ಒಇಎಂ ಅನ್‌ಲಾಕಿಂಗ್’ ಚಾಲೂ ಮಾಡಿ, ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ನೆಕ್ಸಸ್‌ನಂಥವಕ್ಕೆ ಫಾಸ್ಟ್‌ಬೂಟ್ ಎಂಬ ಸಲಕರಣೆಯ ಮೂಲಕ, ಸ್ಯಾಮ್‌ಸಂಗ್‌ಗೆ ಅದರದೇ ಡೌನ್‌ಲೋಡ್ ಮೋಡ್ ಮೂಲಕ ಬೀಗ ತೆರೆದು ಹೊಸ ‘ರಿಕವರಿ’ ತಂತ್ರಾಂಶ ಹಾಕಬೇಕು. ಆ ರಿಕವರಿಯೇ ಮುಂದೆ ಹೊಸ ಸಿಸ್ಟಮನ್ನು ತುಂಬಿಕೊಳ್ಳುತ್ತದೆ. ಅರ್ಧದಲ್ಲಿ ಚಾರ್ಜ್ ಮುಗಿಯಬಾರದು, ಕೇಬಲ್ ಸಡಿಲವಿರಬಾರದು. ಮೊದಲ ಸಲ ಏಳಲು ಹಲವು ನಿಮಿಷ ಹಿಡಿದರೆ ಗಾಬರಿಯಾಗಬೇಕಿಲ್ಲ.

ಹಿಂಬದಿ ಉಬ್ಬಿದ ಟ್ಯಾಬ್ಲೆಟನ್ನು ಮಾತ್ರ ಚಾರ್ಜಿಗೂ ಹಾಕಬಾರದು. ಉಬ್ಬಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು.

ಕಳೆದುಕೊಳ್ಳುವುದೂ ಇದೆ. ಸ್ಯಾಮ್‌ಸಂಗ್ ಸಾಧನಗಳಲ್ಲಿ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಗುರುತೊಂದು ಶಾಶ್ವತವಾಗಿ ಬದಲಾಗುತ್ತದೆ, ಹಿಂದಿನ ತಂತ್ರಾಂಶಕ್ಕೆ ಮರಳಿದರೂ ಅದು ಮೊದಲಿನಂತಾಗುವುದಿಲ್ಲ. ಬೀಗ ತೆರೆದ ಸಾಧನವನ್ನು ಗೂಗಲ್‌ನ ಪರೀಕ್ಷೆ ಒಪ್ಪದ ಕಾರಣ ಹಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ತೆರೆದುಕೊಳ್ಳುವುದಿಲ್ಲ. ಸಿನಿಮಾ ತೋರಿಸುವ ಆ್ಯಪ್‌ಗಳಲ್ಲಿ ಚಿತ್ರದ ಗುಣಮಟ್ಟ ಇಳಿಯಬಹುದು. ಹಣದ ವ್ಯವಹಾರಕ್ಕೆ ಫೋನ್ ಇರಲಿ. ವಿಕಿಸೋರ್ಸ್‌ನ ಕನ್ನಡ ಪುಸ್ತಕ ಓದಲು, ಮಕ್ಕಳ ಪಾಠಕ್ಕೆ, ಹಾಡು ಕೇಳಲು ಇಂಥ ಟ್ಯಾಬ್ಲೆಟ್ ಧಾರಾಳವಾಗಿ ಸಾಕು.

ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಹೊರಹಾಕಿದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು ಅದರ 22.3%ಕ್ಕೆ ಮಾತ್ರ. ದೆಹಲಿಯಲ್ಲಿ ಇಂಥ ತ್ಯಾಜ್ಯದ ದೊಡ್ಡ ಪಾಲು ಸೀಲಂಪುರದ ಓಣಿಗಳನ್ನು ಸೇರುತ್ತದೆ. ಬರಿಗೈಯಲ್ಲಿ ಬೋರ್ಡ್ ಬಿಚ್ಚಿ ತಾಮ್ರ ತೆಗೆಯುವವರು ಅಲ್ಲಿದ್ದಾರೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ, ಬೂಟ್‌ಲೋಡರ್ ತೆರೆಯಲು ಬಿಡಬೇಕೆಂದು ಹೇಳಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಫೋನ್, ಟ್ಯಾಬ್ಲೆಟ್‌ಗಳಿಗೆ ಹೊಸ ನಿಯಮ ಬಂದಿದೆ: ಒಂದು ಮಾದರಿ ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಕನಿಷ್ಠ ಐದು ವರ್ಷ ಅದಕ್ಕೆ ತಂತ್ರಾಂಶದ ನವೀಕರಣ ಸಿಗುವಂತೆ ನೋಡಿಕೊಳ್ಳಬೇಕು. ಅಂಥ ರಕ್ಷಣೆ ಇಲ್ಲಿಗೂ ಬರುವವರೆಗೆ, ನೆಹರೂ ಪ್ಲೇಸ್‌ನಲ್ಲಿ ಸೆಕೆಂಡ್ ಹ್ಯಾಂಡ್ ಟ್ಯಾಬ್ಲೆಟ್ ಕೊಳ್ಳುವವರು ಬೆಲೆ ಕೇಳುವ ಮೊದಲು ಮಾದರಿ ಸಂಖ್ಯೆ ಕೇಳಿ, ಅಲ್ಲೇ ನಿಂತು ಅದನ್ನು ಲಿನಿಯೇಜ್‌ನ ಪಟ್ಟಿಯಲ್ಲಿ ಹುಡುಕಿ ನೋಡಬೇಕು.