ಹೊಳೆದಂಡೆಯ ಮರಿಗೆ ಹದಿನಾರು ವಾರ

ಅಮಾವಾಸ್ಯೆಯ ದಿನ ಉಕ್ಕಡಗಾತ್ರಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಜನ. ಆಮೇಲೆ ಹೊಳೆ, ಆಮೇಲೆ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಕಾಲಬುಡದಲ್ಲಿ ನುಸುಳಿ ಓಡಾಡುವ ನಾಯಿಗಳನ್ನು ಗಮನಿಸುವವರು ಕಡಿಮೆ. ದಾವಣಗೆರೆ ಜಿಲ್ಲೆ ಹರಿಹರ ತಾಲ್ಲೂಕಿನ ಈ ಊರು ತುಂಗಭದ್ರೆಯ ದಂಡೆಯ ಮೇಲಿದೆ. ಹೊಳೆಯಾಚೆ ಹಾವೇರಿ ಜಿಲ್ಲೆ. ಮೈಗೋ ಮನಸ್ಸಿಗೋ ಹಿಡಿದ ಬಾಧೆ ಬಿಡಲೆಂದು ಬರುವ ಭಕ್ತರು ಹೊಳೆಯಲ್ಲಿ ಮುಳುಗೆದ್ದು, ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು, ದರ್ಶನ ಮುಗಿಸಿ ಬುತ್ತಿ ಬಿಚ್ಚುತ್ತಾರೆ. ಬುತ್ತಿಯಲ್ಲಿ ಉಳಿದದ್ದು ನಾಯಿಗಳ ಪಾಲು. ಯಾರೂ ಸಾಕಿಲ್ಲ, ಎಲ್ಲರೂ ಹಾಕುತ್ತಾರೆ. ಯಾತ್ರೆಯ ಊರಿನ ನಾಯಿಯ ಬಾಳು ಇಷ್ಟೇ.

ಊರ ನಾಯಿಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಈಯುತ್ತವೆ. ಮಳೆಗಾಲದ ಕೊನೆಯಲ್ಲಿ ಕೂಡಿದ ಹೆಣ್ಣು 63 ದಿನದ ಆಚೀಚೆ ಮರಿ ಹಾಕುತ್ತದೆ. ಹಾಗಾಗಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅಂಗಡಿಯ ಕಟ್ಟೆಯ ಕೆಳಗೆ, ಹುಲ್ಲಿನ ಬಣವೆಯ ಮಗ್ಗುಲಲ್ಲಿ ಕುಂಯ್‌ಗುಟ್ಟುವ ಸದ್ದು. ಹುಟ್ಟಿದ ಮರಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಹತ್ತರಿಂದ ಹದಿನಾಲ್ಕು ದಿನದಲ್ಲಿ ಕಣ್ಣು ಬಿಡುತ್ತದೆ, ಕಿವಿ ತೆರೆಯುವುದು ಮೂರನೇ ವಾರದ ಹೊತ್ತಿಗೆ. ಅಲ್ಲಿಂದ ಶುರುವಾಗುತ್ತದೆ ಅದರ ಶಾಲೆ. ಆ ಶಾಲೆ ಬಾಗಿಲು ಹಾಕುವುದೂ ಬಹಳ ಬೇಗ.

ಅಮೆರಿಕದ ಬಾರ್ ಹಾರ್ಬರ್ ಎಂಬ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬಿಬ್ಬರು ವರ್ಷಗಟ್ಟಲೆ ನಾಯಿಮರಿಗಳ ಬೆಳವಣಿಗೆಯನ್ನು ದಿನದಿನವೂ ಬರೆದಿಟ್ಟರು. ಅವರ ದೊಡ್ಡ ಗ್ರಂಥ ಬಂದದ್ದು 1965ರಲ್ಲಿ. ಅದೇ ಪ್ರಯೋಗಾಲಯದಿಂದ 1961ರಲ್ಲಿ ಇನ್ನೊಂದು ವರದಿ ಹೊರಬಿದ್ದಿತ್ತು. ಎತ್ತರದ ಬೇಲಿಯೊಳಗೆ, ಮನುಷ್ಯರ ಒಡನಾಟವಿಲ್ಲದೆ 14 ವಾರ ಬೆಳೆಸಿದ ಮರಿಗಳು ಆಮೇಲೆ ಎಷ್ಟು ಮುದ್ದಿಸಿದರೂ ಕಾಡುಪ್ರಾಣಿಗಳಂತೆ ದೂರವೇ ಉಳಿದವು. ಮೂರನೇ ವಾರದಿಂದ ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಮರಿ ಯಾವುದನ್ನು ಕಂಡು, ಕೇಳಿ, ಮೂಸಿ ಅಪಾಯವಿಲ್ಲ ಎಂದು ತಿಳಿಯುತ್ತದೋ ಅದು ಅದರ ಲೋಕಕ್ಕೆ ಸೇರಿತು. ಉಳಿದದ್ದಕ್ಕೆ ಜೀವಮಾನವಿಡೀ ಬೊಗಳುತ್ತದೆ, ಇಲ್ಲವೇ ಹೆದರಿ ಕಚ್ಚುತ್ತದೆ. ಮೂರು ತಿಂಗಳು ಹಿತ್ತಲಿನಲ್ಲಿ ಸರಪಳಿ ಬಿಗಿದು, ಒಂದು ವರ್ಷವಾದ ಮೇಲೆ "ನಮ್ಮ ನಾಯಿ ಯಾರನ್ನೂ ಹತ್ತಿರ ಸೇರಿಸಲ್ಲ" ಎಂದು ಹೇಳಿಕೊಳ್ಳುವವರಿದ್ದಾರೆ. ಅವರು ಹೇಳುತ್ತಿರುವುದು ನಾಯಿಯ ಶೌರ್ಯದ ಕತೆಯಲ್ಲ, ಅದರ ಭಯದ ಕತೆ.

ಇದು ಒಂದು ಗಡುವು. ಇನ್ನೊಂದು ಗಡುವು ಇದಕ್ಕೆ ನೇರ ಎದುರಾಗಿ ಬರುತ್ತದೆ.

ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣದ ಹಾಲಿನಿಂದ ಮರಿಗೆ ತಾಯಿಯ ರೋಗನಿರೋಧಕಗಳು ಬಂದಿರುತ್ತವೆ. ಅವು ಆರರಿಂದ ಹದಿನಾರನೇ ವಾರದೊಳಗೆ ಯಾವಾಗಲೋ ಕರಗುತ್ತವೆ. ಯಾವ ಮರಿಯಲ್ಲಿ ಯಾವಾಗ ಎಂಬುದು ಹೊರಗಿನಿಂದ ನೋಡಿದರೆ ತಿಳಿಯದು. ಅವು ಇರುವಷ್ಟು ದಿನ ನಾವು ಹಾಕಿಸಿದ ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಪಶುವೈದ್ಯರು ಆರರಿಂದ ಎಂಟನೇ ವಾರದಲ್ಲಿ ಮೊದಲ ಸೂಜಿ ಹಾಕಿ, ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ ಬನ್ನಿ, ಹದಿನಾರನೇ ವಾರದವರೆಗೂ ಬಿಡಬೇಡಿ ಎನ್ನುವುದು ಇದಕ್ಕೇ, ದುಡ್ಡಿನಾಸೆಗಲ್ಲ. ಒಂದು ಸೂಜಿ ಹಾಕಿಸಿ ಆಯ್ತಲ್ಲ ಎಂದು ಸುಮ್ಮನಾದ ಮನೆಯ ಮರಿಯನ್ನೇ ಪಾರ್ವೊ ಹುಡುಕಿಕೊಂಡು ಬರುತ್ತದೆ.

ಪಾರ್ವೊ ಹಳೆಯ ರೋಗವಲ್ಲ. 1978ರ ಸುಮಾರಿಗೆ ಕಾಣಿಸಿಕೊಂಡು ಒಂದೆರಡು ವರ್ಷದಲ್ಲೇ ಜಗತ್ತನ್ನು ಸುತ್ತಿದ ವೈರಸ್ ಅದು. ನಿನ್ನೆ ಕುಣಿಯುತ್ತಿದ್ದ ಮರಿ ಇವತ್ತು ಮೂಲೆ ಹಿಡಿಯುತ್ತದೆ, ವಾಂತಿ ಮಾಡುತ್ತದೆ, ಗಬ್ಬು ನಾರುವ ರಕ್ತಭೇದಿ ಶುರುವಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತವೆ. ಹೊತ್ತಿಗೆ ಸರಿಯಾಗಿ ರಕ್ತನಾಳಕ್ಕೆ ದ್ರವ ಕೊಡಿಸಿದರೆ ಬಹಳಷ್ಟು ಉಳಿಯುತ್ತವೆ. ರೋಗಿ ನಾಯಿಯ ಮಲದಿಂದ ನೆಲಕ್ಕೆ ಬಿದ್ದ ಈ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ, ಸೋಪಿನ ನೀರಿಗೆ ಜಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣ ಬೇಕು. ನಾಯಿ ಬಂದು ಹೋದ ಜಾಗ ಸಾಕು, ನಾಯಿಯೇ ಎದುರಿಗಿರಬೇಕೆಂದಿಲ್ಲ. ನಮ್ಮ ಚಪ್ಪಲಿಯಲ್ಲೂ ಅದು ಮನೆಗೆ ಬರುತ್ತದೆ.

ಈಗ ಉಕ್ಕಡಗಾತ್ರಿಯ ಹೊಳೆದಂಡೆಯನ್ನು ಈ ಎರಡು ಗಡುವುಗಳ ನಡುವೆ ಇಟ್ಟು ನೋಡಿ. ಮರಿಯ ಶಾಲೆಗೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲೇ ಸಿಗಲಾರದು. ಗಂಟೆ, ಡೊಳ್ಳು, ಮೈಕು, ಬಸ್ಸಿನ ಹಾರ್ನು, ಟ್ರ್ಯಾಕ್ಟರು, ರುಮಾಲು ಸುತ್ತಿದ ಮುದುಕರು, ಕೂದಲು ಬಿಚ್ಚಿಕೊಂಡು ತೂಗಾಡುವವರು, ಅಳುವ ಮಕ್ಕಳು, ಕುರಿ, ಎಮ್ಮೆ. ಇಷ್ಟನ್ನು ಹನ್ನೆರಡು ವಾರದೊಳಗೆ ನೋಡಿ ಹೆದರದ ಮರಿ ಮುಂದೆ ಯಾವ ಸಂತೆಯಲ್ಲೂ ಗಾಬರಿಯಾಗದು. ಆದರೆ ಸಾವಿರಾರು ಕಾಲುಗಳು ತುಳಿದ, ಹತ್ತೂರ ನಾಯಿಗಳು ಮೂಸಿದ ಆ ನೆಲದಷ್ಟು ಅಪಾಯದ ನೆಲವೂ ಲಸಿಕೆ ಮುಗಿಯದ ಮರಿಗೆ ಇನ್ನೊಂದಿಲ್ಲ. ಮಳೆಗಾಲದಲ್ಲಿ ಅಣೆಕಟ್ಟೆಗಳಿಂದ ನೀರು ಬಿಟ್ಟಾಗ ಹೊಳೆ ಸ್ನಾನಘಟ್ಟ ದಾಟಿ ಅಂಗಡಿಗಳವರೆಗೂ ಏರುತ್ತದೆ, ಪತ್ತೇಪುರದ ಕಡೆಯ ದಾರಿ ಮುಳುಗುತ್ತದೆ. ನೀರಿಳಿದ ಮೇಲಿನ ಕೆಸರಿನಲ್ಲಿ ಇಲಿ-ಹೆಗ್ಗಣಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಬೇರೆ. ಅದು ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರುತ್ತದೆ. ಲಸಿಕೆ ಹಾಕಿಸುವಾಗ ಇದೂ ಸೇರಿದೆಯೇ ಎಂದು ಕೇಳಿ ತಿಳಿಯಬೇಕು. ಹೊಳೆಸಾಲಿನ ಊರುಗಳಿಗೆ ಅದು ಬೇಕೇ ಬೇಕು.

ಹಾಗಾದರೆ ಹದಿನಾರು ವಾರ ಮುಗಿಯುವ ತನಕ ಮರಿಯನ್ನು ಕೋಣೆಯಲ್ಲಿ ಕೂಡಿಹಾಕಬೇಕೇ? ಹಿಂದೆ ಅನೇಕ ವೈದ್ಯರು ಹಾಗೇ ಹೇಳುತ್ತಿದ್ದರು. ಪ್ರಾಣಿವರ್ತನೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2008ರಲ್ಲಿ ಅದಕ್ಕೆ ಉಲ್ಟಾ ಹೇಳಿತು: ಮೂರು ವರ್ಷದೊಳಗಿನ ನಾಯಿಗಳು ಸಾಯುತ್ತಿರುವುದು ಸೋಂಕಿಗಿಂತ ಹೆಚ್ಚಾಗಿ ಕೆಟ್ಟ ನಡವಳಿಕೆಯ ಕಾರಣಕ್ಕೆ, ಹಾಗಾಗಿ ಮೊದಲ ಲಸಿಕೆಯಾಗಿ ಒಂದು ವಾರ ಕಳೆದ ಕೂಡಲೇ ಲೋಕದ ಪರಿಚಯ ಶುರುವಾಗಲಿ. ಅಲ್ಲಿ ಕೆಟ್ಟ ನಡವಳಿಕೆಯ ನಾಯಿಯನ್ನು ಆಶ್ರಯಧಾಮಕ್ಕೆ ಬಿಡುತ್ತಾರೆ, ಧಾಮದವರು ಕೊಲ್ಲುತ್ತಾರೆ; ಇಲ್ಲಿ ಊರಾಚೆ ಬಿಟ್ಟು ಬರುತ್ತಾರೆ. ಕೊನೆ ಹೆಚ್ಚುಕಮ್ಮಿ ಒಂದೇ.

ದಾರಿ ಇರುವುದು ಸರಳ. ತೋರಿಸಿ, ಇಳಿಸಬೇಡಿ. ಮರಿಯನ್ನು ಟವೆಲಿನಲ್ಲಿ ಸುತ್ತಿ ತೋಳಲ್ಲಿ ಎತ್ತಿಕೊಂಡು ಜಾತ್ರೆಯ ಅಂಚಿನವರೆಗೆ ಹೋಗಬಹುದು, ಸ್ವಂತ ಮನೆಯ ಜಗಲಿಯಲ್ಲಿ ಕೂತು ಬೀದಿ ನೋಡಿಸಬಹುದು, ಬೈಕಿನ ಸದ್ದು ದೂರದಿಂದ ಕೇಳಿಸಿ ಒಂದು ಚೂರು ಬೇಯಿಸಿದ ಮೊಟ್ಟೆ ಕೊಡಬಹುದು. ಬಂದ ನೆಂಟರ ಕೈಯಿಂದ ತಿನ್ನಿಸಬಹುದು. ಪರಿಚಯದವರ ಮನೆಯ, ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯ ಜೊತೆ ಆಡಲು ಬಿಡಬಹುದು. ಮರಿ ಬಾಲ ಒಳಗೆಳೆದು ನಡುಗಿದರೆ ದೂರ ಸರಿಯಿರಿ. ಭಯದ ಮುಂದೆ ಹಿಡಿದು ನಿಲ್ಲಿಸಿ ಧೈರ್ಯ ಕಲಿಸಲು ಆಗುವುದಿಲ್ಲ. ಸ್ನಾನಘಟ್ಟದ ಬಟ್ಟೆ ರಾಶಿಯ ಹತ್ತಿರವಂತೂ ಬೇಡವೇ ಬೇಡ. ಹಲ್ಲು ಮೂಡುವ ಮರಿ ಬಟ್ಟೆ ಹರಿದು ನುಂಗುತ್ತದೆ, ಕರುಳಲ್ಲಿ ಸಿಕ್ಕಿಕೊಂಡ ಚಿಂದಿಗೆ ಶಸ್ತ್ರಚಿಕಿತ್ಸೆಯೇ ಗತಿ.

ಹಲ್ಲಿನ ಮಾತು ಬಂತು. ಮನೆಯವರ ತಾಳ್ಮೆ ಮುರಿಯುವುದು ಇಲ್ಲೇ. ಮರಿಗೆ ಸೂಜಿಮೊನೆಯಂಥ 28 ಹಾಲುಹಲ್ಲು. ನಾಲ್ಕನೇ ತಿಂಗಳ ಹೊತ್ತಿಗೆ ಅವು ಬಿದ್ದು, ಏಳನೇ ತಿಂಗಳೊಳಗೆ 42 ಕಾಯಂ ಹಲ್ಲು ಬರುತ್ತವೆ. ಅಷ್ಟು ಕಾಲ ಸೀರೆ ಸೆರಗು, ಚಪ್ಪಲಿ, ಮಂಚದ ಕಾಲು, ಮಕ್ಕಳ ಮುಂಗೈ ಯಾವುದಕ್ಕೂ ರಕ್ಷಣೆಯಿಲ್ಲ. ಒಡಹುಟ್ಟಿದವುಗಳ ಜೊತೆ ಕಚ್ಚಾಡುವಾಗ ಒಂದು ಕಿರುಚಿ ಆಟ ಬಿಟ್ಟರೆ ಇನ್ನೊಂದಕ್ಕೆ ತಾನು ಹೆಚ್ಚು ಒತ್ತಿದೆ ಎಂದು ತಿಳಿಯುತ್ತದೆ. ಐದನೇ ವಾರಕ್ಕೇ ತಾಯಿಯಿಂದ ಕಿತ್ತು ತಂದ ಮರಿ ಈ ಪಾಠ ಕಲಿತಿರುವುದಿಲ್ಲ. ಎಂಟು ವಾರ ತುಂಬಲಿ ಎನ್ನುವುದು ಇದಕ್ಕೆ. ಕಚ್ಚಿದಾಗ ಹೊಡೆಯುವುದಕ್ಕಿಂತ ಆಟ ನಿಲ್ಲಿಸಿ ಎದ್ದುಹೋಗುವುದು ಹೆಚ್ಚು ನಾಟುತ್ತದೆ. ಉಚ್ಚೆಯ ವಿಷಯವೂ ಹಾಗೆ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಕರೆದೊಯ್ದು, ಮಾಡಿದರೆ ಮೆಚ್ಚಬೇಕು. ಉಚ್ಚೆಯಲ್ಲಿ ಮೂತಿ ಉಜ್ಜಿದರೆ ಮರಿ ಕಲಿಯುವುದು ಒಂದೇ, ನಿಮ್ಮ ಕಣ್ಣಿಗೆ ಬೀಳದ ಹಾಗೆ ಮಂಚದಡಿ ಮಾಡುವುದು.

ಊಟದ ಬಗ್ಗೆ ಹಳ್ಳಿಯವರಿಗೆ ಪಾಠ ಹೇಳುವ ಅಗತ್ಯ ಕಡಿಮೆ. ರೊಟ್ಟಿ, ಅನ್ನ ನಾಯಿಗೆ ಒಗ್ಗುತ್ತದೆ. ಪಿಷ್ಟ ಜೀರ್ಣಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಮನುಷ್ಯರ ಒಲೆಯ ಪಕ್ಕದಲ್ಲಿ ಬದುಕಿದ್ದರ ಗುರುತು ಅದು. ಆದರೆ ಬೆಳೆಯುವ ಮರಿಗೆ ಬರೀ ರೊಟ್ಟಿ-ಮಜ್ಜಿಗೆ ಸಾಲದು, ಮೊಟ್ಟೆಯೋ ಮಾಂಸವೋ ಬೇಕು. ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸುವುದು ಎರಡು ಪಟ್ಟು ತಪ್ಪು: ತಾಯಿನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಹಸುವಿನ ಹಾಲಿನ ಎರಡು ಪಟ್ಟಿಗೂ ಹೆಚ್ಚು, ಸಕ್ಕರೆ ಕಡಿಮೆ. ದಾವಣಗೆರೆ ಸೀಮೆಯಲ್ಲಿ ಎಚ್ಚರಿಕೆ ಬೇಕಾದದ್ದು ಮಂಡಕ್ಕಿಗೆ. ಅದರ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿ. ಇನ್ನು ಮರಿಯ ಹೊಟ್ಟೆ ಗುಂಡಗಿದ್ದರೆ ಚೆನ್ನಾಗಿ ಉಂಡಿದೆ ಎಂದು ಹಿಗ್ಗಬೇಡಿ. ತಾಯಿಯ ಗರ್ಭದಲ್ಲೇ, ಹಾಲಿನಲ್ಲೇ ದುಂಡುಹುಳು ಮರಿಗೆ ದಾಟುತ್ತದೆ. ಎರಡನೇ ವಾರದಿಂದಲೇ ಜಂತಿನ ಔಷಧಿ ಬೇಕಾಗುವುದು ಆ ಕಾರಣಕ್ಕೆ.

ಚೆನ್ನಾಗಿ ಬೆಳೆಸಿದ ಮರಿ ಏನಾಗಬಲ್ಲದು ಎಂಬುದಕ್ಕೆ ಈ ಜಿಲ್ಲೆ ದೂರ ನೋಡಬೇಕಿಲ್ಲ. ದಾವಣಗೆರೆ ಪೊಲೀಸ್ ಶ್ವಾನದಳದಲ್ಲಿ ತುಂಗಾ ಎಂಬ ಡಾಬರ್‌ಮನ್ ಹೆಣ್ಣುನಾಯಿ ಇತ್ತು. 2020ರಲ್ಲಿ ಕೊಲೆಯೊಂದರ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಬಳಿ ನಿಂತದ್ದು ನಾಡಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅದರ ನಂತರ ಬಂದ ನಾಯಿಗೂ ಅದೇ ಹೆಸರಿಟ್ಟರು. 2024ರಲ್ಲಿ ಈ ತುಂಗಾ-2 ಮಳೆಯ ರಾತ್ರಿಯಲ್ಲಿ ಸುಮಾರು 8 ಕಿಲೋಮೀಟರ್ ಹೋಗಿ ಒಂದು ಜೀವ ಉಳಿಸಿತು. ಮೂಗು ಹುಟ್ಟಿನಿಂದ ಬಂದದ್ದು. ಸದ್ದು-ಜನ-ಮಳೆ ಯಾವುದಕ್ಕೂ ಹೆದರದೆ ಕೆಲಸದ ಮೇಲೆ ಮನಸ್ಸಿಡುವುದು ಮರಿಗಾಲದ ಸಾಕಣೆಯಿಂದ, ತರಬೇತಿಯಿಂದ ಬಂದದ್ದು.

ಹಾಗೆಂದು ಡಾಬರ್‌ಮನ್ನೇ ಬೇಕೆಂದು ಹೊರಡಬೇಡಿ. ಮುಧೋಳ ನಾಯಿಯ ಅಂಚೆಚೀಟಿ 2005ರಲ್ಲಿ ಬಂತು, 2020ರಲ್ಲಿ ಪ್ರಧಾನಿಯವರ ಬಾನುಲಿ ಮಾತಿನಲ್ಲಿ ಅದರ ಹೆಸರು ಬಂತು. ಬಯಲಲ್ಲಿ ಓಡಲೆಂದೇ ಹುಟ್ಟಿದ ಆ ನಾಯಿಯನ್ನು ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿಹಾಕಿದರೆ ಅದಕ್ಕೂ ಹಿಂಸೆ, ನೆರೆಯವರಿಗೂ ಹಿಂಸೆ. ಕಳ್ಳ ತಳಿಸಾಕಣೆಯ ಕ್ರೌರ್ಯ ತೋರಿಸಿದ 777 ಚಾರ್ಲಿ ಚಿತ್ರವನ್ನು 2022ರಲ್ಲಿ ನೋಡಿ ಅತ್ತವರು ಆಮೇಲೆ ಅಂಗಡಿಯ ಲ್ಯಾಬ್ರಡಾರ್ ಮರಿಗೆ ಬೆಲೆ ವಿಚಾರಿಸಿದರೆ ಆ ಚಿತ್ರ ನೋಡಿದ್ದೇ ದಂಡ. ಕಟ್ಟೆಯ ಕೆಳಗಿನ ಊರ ಮರಿ ಇಲ್ಲಿನ ಬಿಸಿಲಿಗೆ, ಇಲ್ಲಿನ ಅನ್ನಕ್ಕೆ ಹೊಂದಿದ ಜೀವ.

ಆ ಮರಿಯ ಲೆಕ್ಕ ಮಾತ್ರ ಕಹಿ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಸಂಗಡಿಗರು ಬೀದಿಯಲ್ಲಿ ಹುಟ್ಟಿದ 364 ಮರಿಗಳ ಹಿಂದೆ ಬಿದ್ದು, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಾಯಕ್ಕೆ ಬಂದದ್ದು ನೂರಕ್ಕೆ 19 ಮಾತ್ರ, ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಮನುಷ್ಯರೇ ಒಂದಲ್ಲ ಒಂದು ರೀತಿ ಕಾರಣ. ಹೊಳೆಯಾಚೆಯ ದೇವರಗುಡ್ಡದಲ್ಲಿ ಮೈಲಾರಲಿಂಗನ ಗೊರವರು ದೋಣಿ ಎಂಬ ಪಾತ್ರೆಯಲ್ಲಿ ಹಾಲು-ಬಾಳೆಹಣ್ಣು ಕಲಸಿಟ್ಟು ನಾಯಿಯಂತೆ ಬೊಗಳುತ್ತ ಉಣ್ಣುತ್ತಾರೆ. ನಾಯಿ ಅಲ್ಲಿ ದೇವರ ಬಂಟ. ಕೈಮುಗಿದು ಹಿಂತಿರುಗುವ ದಾರಿಯಲ್ಲೇ ಗಾಡಿಗೆ ಸಿಕ್ಕ ಮರಿಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಕೊನೆಯದಾಗಿ ಹುಚ್ಚುನಾಯಿ ರೋಗ. ರೇಬಿಸ್ ಮರಿಗಳಿಗೂ ಬರುತ್ತದೆ. "ಸಣ್ಣ ಮರಿ, ಬರೀ ಗೀರಿದೆ" ಎಂದು ಬಿಟ್ಟವರೂ ಸತ್ತಿದ್ದಾರೆ, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಅಪರೂಪ. ಕರ್ನಾಟಕದಲ್ಲಿ ಮನುಷ್ಯರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು 2022ರ ಡಿಸೆಂಬರಿನಲ್ಲಿ ಘೋಷಿಸಲಾಯಿತು. ಮರಿಗೆ ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ, ಆಮೇಲೆ ಪ್ರತಿ ವರ್ಷ. ಲಸಿಕೆಯಾಗದ ಮರಿ ಕಚ್ಚಿದರೆ, ಪರಚಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ನಾಟಿ ಮದ್ದು ಮುಟ್ಟಿಸದೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಜ್ಜಯ್ಯನಿಗೆ ಹರಕೆ ಹೊರುವುದು ನಿಮ್ಮ ನಂಬಿಕೆ, ಅದಕ್ಕೆ ಯಾರ ತಕರಾರೂ ಇಲ್ಲ. ಸೂಜಿ ಮಾತ್ರ ಹರಕೆಗಿಂತ ಮೊದಲು.

ಈ ಚಳಿಗಾಲ ಕಟ್ಟೆಯ ಕೆಳಗಿನ ಮರಿಯೊಂದು ನಿಮ್ಮ ಮನಸ್ಸು ಸೆಳೆದರೆ ಎಂಟು ವಾರ ತುಂಬುವವರೆಗೆ ತಾಯಿಯ ಜೊತೆಯೇ ಇರಲಿ, ಬಾಣಂತಿಗೆ ಅಷ್ಟು ದಿನ ಅನ್ನ ಹಾಕಿ. ಮನೆಗೆ ತರುವ ದಿನವೇ ಹತ್ತಿರದ ಪಶುಆಸ್ಪತ್ರೆಗೆ ತೋರಿಸಿ, ಮುಂದಿನ ಸೂಜಿಗಳ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೆಣ್ಣುಮರಿ ಬೇಡ ಎನ್ನಬೇಡಿ. ಆರು ತಿಂಗಳ ಹೊತ್ತಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಆ ತೊಡಕೂ ಇರುವುದಿಲ್ಲ.