ಗೂಡ್ಸ್ ವ್ಯಾಗನ್ನಿನ ಮೈಮೇಲಿನ ಇಸವಿ

ಆಟದ ರೈಲು ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕೀಲಿ ಕೊಟ್ಟರೆ ದುಂಡಗೆ ಸುತ್ತುವ ತಗಡಿನ ಗಾಡಿ. ಅಮೆರಿಕದಲ್ಲಿ ಇದು ಮಕ್ಕಳ ಆಟವಾಗಿ ಮಾತ್ರ ಉಳಿದಿಲ್ಲ. ಅಲ್ಲಿ ಎಷ್ಟೋ ಮನೆಗಳ ನೆಲಮಾಳಿಗೆಗಳಲ್ಲಿ ಹಿರಿಯರೂ ಕಿರಿಯರೂ ಕೂಡಿ ಹಳಿ ಹಾಸಿ, ಗುಡ್ಡ, ಸೇತುವೆ, ನಿಲ್ದಾಣಗಳನ್ನು ಕಟ್ಟಿ, ಒಂದಾನೊಂದು ಕಾಲದ ನಿಜವಾದ ರೈಲುಮಾರ್ಗವನ್ನು ಕಿರಿದಾಗಿಸಿ ಇರಿಸಿಕೊಳ್ಳುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಎಚ್‌ಓ ಎಂಬ ಅಳತೆ. ಮೂಲದ 87ರಲ್ಲಿ ಒಂದು ಭಾಗ. 40 ಅಡಿಯ ವ್ಯಾಗನ್ನು ಈ ಅಳತೆಯಲ್ಲಿ ಐದೂವರೆ ಅಂಗುಲವಾಗಿ ಅಂಗೈ ಮೇಲೆ ಕೂರುತ್ತದೆ. ಆ ದೇಶದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಇಂಥದೊಂದು ಹವ್ಯಾಸಕ್ಕೆ ಕೈಹಾಕಿದಾಗ ಹೆತ್ತವರಿಗೆ ಎದುರಾಗುವ ಮೊದಲ ಪ್ರಶ್ನೆ, ಅಂಗಡಿಯ ಸಾಲಿನಲ್ಲಿ ಬಣ್ಣಬಣ್ಣವಾಗಿ ನಿಂತ ನೂರಾರು ವ್ಯಾಗನ್ನುಗಳಲ್ಲಿ ಯಾವುದನ್ನು ಕೊಳ್ಳಬೇಕೆಂಬುದು. ಬೆಲೆಯೇನೂ ಅಗ್ಗವಲ್ಲ.

ಎಂಜಿನ್ನಿನ ಆಯ್ಕೆಯಲ್ಲಿ ಎಲ್ಲರೂ ಎಚ್ಚರ ವಹಿಸುತ್ತಾರೆ. ಅದರ ಹಿಂದೆ ಬರುವ ಸರಕಿನ ವ್ಯಾಗನ್ನುಗಳ ಬಗ್ಗೆ ಅಷ್ಟು ಎಚ್ಚರ ಕಾಣದು. ನಮ್ಮ ಅಭಿಪ್ರಾಯದಲ್ಲಿ ಮಾದರಿಯ ಸತ್ಯಾಸತ್ಯ ತೀರ್ಮಾನವಾಗುವುದು ಈ ವ್ಯಾಗನ್ನುಗಳಲ್ಲಿಯೇ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಊರನ್ನೂ ಇಸವಿಯನ್ನೂ ಗೊತ್ತುಮಾಡಿಕೊಳ್ಳುವುದು ಒಳಿತು. ‘ಹಳೆಯ ಕಾಲದ ರೈಲು’ ಎಂದರೆ ಸಾಲದು.

ಉದಾಹರಣೆಗೆ, ಪೆನ್ಸಿಲ್ವೇನಿಯ ರೈಲುರೋಡಿನ ಅಲ್ಟೂನಾ ಪಟ್ಟಣವನ್ನು 1950ನೆಯ ಇಸವಿಗೆ ಇಟ್ಟುಕೊಳ್ಳೋಣ. ಆ ಕಂಪನಿಯ ಬೃಹತ್ ಕಾರ್ಖಾನೆಗಳಿದ್ದ ಊರದು. ಪಶ್ಚಿಮಕ್ಕೆ ಬೆಟ್ಟವೇರುವ ದಾರಿಯಲ್ಲಿ ಕುದುರೆಲಾಳದಂತೆ ಬಾಗಿದ, 1854ರಲ್ಲಿ ತೆರೆದ ಪ್ರಸಿದ್ಧ ತಿರುವು ಇದೆ. 1950ರಲ್ಲಿ ಅಲ್ಲಿ ಉಗಿ ಎಂಜಿನ್ನೂ ಡೀಸೆಲ್ ಎಂಜಿನ್ನೂ ಒಟ್ಟೊಟ್ಟಿಗೆ ದುಡಿಯುತ್ತಿದ್ದವು. 1957ಕ್ಕೆ ಉಗಿಯ ಕಾಲ ಅಲ್ಲಿ ಮುಗಿಯಿತು. ಈ ಇಸವಿಯನ್ನು ಒಪ್ಪಿಕೊಂಡ ಕೂಡಲೇ ಅಂಗಡಿಯ ಅರ್ಧ ಸರಕು ತಾನಾಗಿ ಬದಿಗೆ ಸರಿಯುತ್ತದೆ. ಪೆನ್ ಸೆಂಟ್ರಲ್ ಕಂಪನಿಯ ಹಸಿರು ವ್ಯಾಗನ್ನು ಎಷ್ಟೇ ಚೆಂದವಿರಲಿ, ಆ ಕಂಪನಿ ಹುಟ್ಟಿದ್ದು 1968ರಲ್ಲಿ. ಬರ್ಲಿಂಗ್ಟನ್ ನಾರ್ದರ್ನ್ 1970ರದು, ರೈಲ್‌ಬಾಕ್ಸಿನ ಹಳದಿ ವ್ಯಾಗನ್ನು 1974ರದು, ಕಾನ್‌ರೈಲ್ 1976ರದು. ಇವನ್ನು ಹೊಗೆಯುಗುಳುವ ಎಂಜಿನ್ನಿಗೆ ಕಟ್ಟಿದರೆ ಮೊಮ್ಮಗನು ಅಜ್ಜನ ಮದುವೆಯ ದಿಬ್ಬಣದಲ್ಲಿ ನಡೆದಂತಾಗುತ್ತದೆ.

ಇನ್ನು ವ್ಯಾಗನ್ನಿನ ಪಕ್ಕೆಯನ್ನು ಓದುವುದನ್ನು ಕಲಿಯಬೇಕು. ಅಮೆರಿಕದ ಪ್ರತಿ ವ್ಯಾಗನ್ನಿನ ಮೇಲೂ ಒಡೆಯನ ಅಕ್ಷರಗಳು, ಸಂಖ್ಯೆ, ಹೊರಬಲ್ಲ ತೂಕ, ಖಾಲಿ ತೂಕ, ಕಟ್ಟಿದ ತಿಂಗಳು ಮತ್ತು ವರ್ಷ ಇವೆಲ್ಲ ಬರೆದಿರುತ್ತವೆ. ಒಡೆಯನ ಗುರುತು ಎಕ್ಸ್ ಅಕ್ಷರದಿಂದ ಮುಗಿದರೆ ಅದು ರೈಲು ಕಂಪನಿಯದಲ್ಲ, ಖಾಸಗಿಯದು. ತೈಲದ ಟ್ಯಾಂಕುಗಳಲ್ಲಿ ಇದು ಸಾಮಾನ್ಯ. ಕೆಲವು ವರ್ಷಗಳಿಗೊಮ್ಮೆ ಮತ್ತೆ ತೂಗಿ ಆ ದಿನಾಂಕವನ್ನೂ ಬರೆಯುತ್ತಿದ್ದರು. ಒಳ್ಳೆಯ ತಯಾರಕರು ಮಾದರಿಯ ಮೇಲೂ ಇದನ್ನೆಲ್ಲ ಮುದ್ರಿಸುತ್ತಾರೆ. ಭೂತಗನ್ನಡಿ ಹಿಡಿದರೆ ಓದಬಹುದು. ಅಲ್ಲಿ 1956 ಎಂದಿದ್ದರೆ ನಮ್ಮ ಅಲ್ಟೂನಾದಲ್ಲಿ ಅದಕ್ಕೆ ಎಡೆಯಿಲ್ಲ. ತಾನು ಹುಟ್ಟುವ ಮೊದಲೇ ವ್ಯಾಗನ್ನು ಓಡಲಾರದು. ಹುಟ್ಟಿದ ಮೇಲೆ ಮೂರು ನಾಲ್ಕು ದಶಕ ಓಡಬಲ್ಲದು. ಅಂತೆಯೇ 1950ರ ಗೂಡ್ಸಿನಲ್ಲಿ ತಲೆಮಾರುಗಳು ಬೆರೆತಿರಬೇಕು. ಪೆನ್ಸಿಲ್ವೇನಿಯ ಕಂಪನಿ 1924ರಿಂದ ಕಟ್ಟಿದ ಎಕ್ಸ್29 ಎಂಬ ಮುಚ್ಚಿದ ಉಕ್ಕಿನ ವ್ಯಾಗನ್ನಿನ ಒಳ ಎತ್ತರ ಸುಮಾರು ಎಂಟೂವರೆ ಅಡಿ. ಪುಲ್‌ಮನ್ ಸ್ಟ್ಯಾಂಡರ್ಡ್ ಕಂಪನಿ 1947ರಲ್ಲಿ ಆರಂಭಿಸಿದ ಪಿಎಸ್-1 ಅದಕ್ಕಿಂತ ಒಂದೂವರೆ ಅಡಿಯಷ್ಟಾದರೂ ಎತ್ತರ. ಎರಡೂ ಅಕ್ಕಪಕ್ಕ ನಿಂತಾಗ ಮೇಲ್ಛಾವಣಿಯ ಸಾಲು ಏರಿಳಿಯುತ್ತದೆ. ಆ ಏರಿಳಿತವೇ ಆ ಕಾಲದ ಮುಖಲಕ್ಷಣ.

ಮರದ್ದು ಹಳೆಯದು, ಉಕ್ಕಿನದು ಹೊಸದು ಎಂಬ ಎಣಿಕೆಯೂ ಇಲ್ಲಿ ನಡೆಯದು. ಎರಡನೆಯ ಮಹಾಯುದ್ಧದಲ್ಲಿ ಉಕ್ಕನ್ನು ಉಳಿಸಲೆಂದು ಮರದ ಹಲಗೆ ಹೊದಿಸಿದ ವ್ಯಾಗನ್ನುಗಳನ್ನು ಮತ್ತೆ ಕಟ್ಟಿದರು. 1944ರ ಮರದ ವ್ಯಾಗನ್ನಿಗೆ 1924ರ ಉಕ್ಕಿನ ವ್ಯಾಗನ್ನು ಅಣ್ಣನಾಗಬೇಕು!

ಕಾಲವನ್ನು ಹೇಳುವ ಇನ್ನೊಂದು ಗುರುತು ಛಾವಣಿಯ ಮೇಲಿದೆ. ಮುಚ್ಚಿದ ವ್ಯಾಗನ್ನುಗಳ ನೆತ್ತಿಯ ಉದ್ದಕ್ಕೂ ಒಂದು ಕಿರಿದಾದ ನಡೆಹಲಗೆ ಇರುತ್ತಿತ್ತು. ಗಾಳಿಯ ಬ್ರೇಕು ಬರುವ ಮುನ್ನ ಬ್ರೇಕ್‌ಮನ್ನನು ಓಡುವ ಗಾಡಿಯ ನೆತ್ತಿಯ ಮೇಲೆ ನಡೆದು, ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟಿ, ಕೈಚಕ್ರ ತಿರುಗಿಸಿ ಬ್ರೇಕು ಬಿಗಿಯಬೇಕಾಗಿತ್ತು. ಹಿಮ ಬಿದ್ದ ರಾತ್ರಿಯಲ್ಲಿಯೂ ಅದೇ ಕೆಲಸ. ಕಾಲು ಜಾರಿ ಕೆಳಗೆ ಬಿದ್ದು ಅಂಗಹೀನರಾದವರು, ಸತ್ತವರು ಅಸಂಖ್ಯರು. 1893ರ ರೈಲ್ವೆ ಸುರಕ್ಷತಾ ಕಾಯಿದೆ ಗಾಳಿಯ ಬ್ರೇಕನ್ನೂ ತಾನಾಗಿ ಕೂಡುವ ಕೊಂಡಿಯನ್ನೂ ಕಡ್ಡಾಯಗೊಳಿಸಿತು. ಆದರೂ ನಿಲ್ದಾಣದ ಅಂಗಳದಲ್ಲಿ ಕೈಬ್ರೇಕಿನ ಕೆಲಸಕ್ಕೆಂದು ನಡೆಹಲಗೆ ಉಳಿದೇ ಇತ್ತು. 1966ರಲ್ಲಿ ನಿಯಮ ಬದಲಾದ ಮೇಲೆ ಹೊಸ ವ್ಯಾಗನ್ನುಗಳಿಗೆ ಅದನ್ನು ಕೈಬಿಟ್ಟರು. ಆದಕಾರಣ 1950ರ ಮುಚ್ಚಿದ ವ್ಯಾಗನ್ನಿಗೆ ನಡೆಹಲಗೆ ಇರಲೇಬೇಕು. ಅದಿಲ್ಲದ ಮಾದರಿಯಲ್ಲಿ ಆ ದುಡಿಮೆಗಾರನ ಹೆಜ್ಜೆಗೂ ನೆಲೆಯಿಲ್ಲ; ಕಾಯಕವನ್ನು ಕೊಂಡಾಡುವ ನಮಗಂತೂ ಈ ಹಲಗೆ ಸಣ್ಣ ವಿವರವಾಗಿ ತೋರುವುದಿಲ್ಲ.

ತಳಭಾಗದ ಬ್ರೇಕಿನ ಉಪಕರಣವೂ ಹೀಗೆಯೇ. ಒಂದೇ ತುಂಡಿನಂತೆ ಕಾಣುವ ಹಳೆಯ ‘ಕೆ’ ಬ್ರೇಕಿನ ಬದಲು 1933ರಿಂದ ಹೊಸ ವ್ಯಾಗನ್ನುಗಳಿಗೆ ಮೂರು ಬಿಡಿಭಾಗಗಳ ‘ಎಬಿ’ ಬ್ರೇಕು ಬಂದಿತು. ಕಂಪನಿಯಿಂದ ಕಂಪನಿಗೆ ದಾಟುವ ವ್ಯಾಗನ್ನುಗಳಲ್ಲಿ ‘ಕೆ’ ಬ್ರೇಕು ನಿಷಿದ್ಧವಾದದ್ದು 1953ರಲ್ಲಿ. 1950ಕ್ಕೆ ಎರಡೂ ಸಲ್ಲುತ್ತವೆ. ಗಾಡಿಯನ್ನು ಮಗುಚಿ ನೋಡುವವರಿಗಷ್ಟೇ ಈ ಮಾತು.

ಎಷ್ಟು ವ್ಯಾಗನ್ನು, ಯಾರದು? ಅಲ್ಲಿ ರೈಲು ಕಂಪನಿಗಳು ಹಲವು; ಮುಚ್ಚಿದ ವ್ಯಾಗನ್ನುಗಳು ಮಾತ್ರ ದಿನಬಾಡಿಗೆಯ ಲೆಕ್ಕದಲ್ಲಿ ದೇಶವನ್ನೆಲ್ಲ ಸುತ್ತುತ್ತಿದ್ದವು. ಆದುದರಿಂದ ಪಶ್ಚಿಮದ ಸಾಂಟಾ ಫೆ ಕಂಪನಿಯ ವ್ಯಾಗನ್ನು ಅಲ್ಟೂನಾದಲ್ಲಿ ಕಂಡರೆ ತಪ್ಪಿಲ್ಲ. ಕಲ್ಲಿದ್ದಲಿನ ವ್ಯಾಗನ್ನುಗಳ ರೀತಿ ಬೇರೆ. ಅವು ಗಣಿಯಿಂದ ಕಾರ್ಖಾನೆಗೆ ಹೋಗಿ ಖಾಲಿಯಾಗಿ ಮರಳುವಂಥವು. ಬಹುಪಾಲು ಮನೆಯ ಕಂಪನಿಯವೇ ಇರಬೇಕು. ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ. ಬಣ್ಣಕ್ಕೆ ಮರುಳಾಗಿ ಒಂದೊಂದು ಕಂಪನಿಯದು ಒಂದೊಂದನ್ನು ತಂದು ಜಾತ್ರೆಯ ಬಳೆ ಅಂಗಡಿಯಂತೆ ಗಾಡಿ ಕಟ್ಟುತ್ತಾರೆ. ನಿಜವಾದ ಗೂಡ್ಸಿನಲ್ಲಿ ಎದ್ದುಕಾಣುತ್ತಿದ್ದುದು ಮಸಿ ಹಿಡಿದ ಕಾವಿಬಣ್ಣವೊಂದೇ.

ಜಾಹೀರಾತು ಬರೆದ ಶೀತಲ ವ್ಯಾಗನ್ನುಗಳ ವಿಷಯದಲ್ಲಂತೂ ವಿಶೇಷ ಜಾಗ್ರತೆ ಬೇಕು. ಮಾಂಸ, ಗಿಣ್ಣು, ಬಿಯರಿನ ಕಂಪನಿಗಳು ಬಾಡಿಗೆ ವ್ಯಾಗನ್ನುಗಳ ಮೇಲೆ ತಮ್ಮ ಹೆಸರನ್ನು ಢಾಳಾಗಿ ಬರೆಯಿಸುತ್ತಿದ್ದವು. ಒಬ್ಬನ ಹೆಸರಿದ್ದ ವ್ಯಾಗನ್ನಿನಲ್ಲಿ ಅವನ ಪ್ರತಿಸ್ಪರ್ಧಿ ತನ್ನ ಸರಕು ತುಂಬಿಸಲು ಒಪ್ಪುವನೇ? ಅಂತರರಾಜ್ಯ ವಾಣಿಜ್ಯ ಆಯೋಗ 1934ರಲ್ಲಿ ಈ ಪದ್ಧತಿಗೆ ತಡೆ ಹಾಕಿತು. ಅಂಗಡಿಗಳಲ್ಲಿ ಇಂದಿಗೂ ಬೇಗ ಬಿಕರಿಯಾಗುವ ಈ ಚಿತ್ತಾಕರ್ಷಕ ವ್ಯಾಗನ್ನುಗಳು 1950ಕ್ಕೆ ಹೊಂದುವುದಿಲ್ಲ. ಹೊಂದುವುದು ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ಸಿನ ಕಿತ್ತಳೆ ಬಣ್ಣದ ವ್ಯಾಗನ್ನು. 1906ರಲ್ಲಿ ಎರಡು ರೈಲು ಕಂಪನಿಗಳು ಕೂಡಿ ಕಟ್ಟಿದ ಈ ಸಂಸ್ಥೆಯ ವ್ಯಾಗನ್ನುಗಳು ಕ್ಯಾಲಿಫೋರ್ನಿಯದ ಹಣ್ಣು, ಸೊಪ್ಪನ್ನು ಪೂರ್ವದ ನಗರಗಳಿಗೆ ಒಯ್ಯುತ್ತಿದ್ದವು. ಎರಡು ತುದಿಯಲ್ಲೂ ಮಂಜುಗಡ್ಡೆಯ ಗೂಡು. ದಾರಿಯುದ್ದಕ್ಕೂ ಆಳುಗಳು ಎತ್ತರದ ಕಟ್ಟೆಯ ಮೇಲೆ ನಿಂತು, 300 ಪೌಂಡಿನ ಗಡ್ಡೆಗಳನ್ನು ಕೊಕ್ಕೆಯಿಂದ ಎಳೆದು ಛಾವಣಿಯ ಬಾಯಿಗೆ ಇಳಿಸುತ್ತಿದ್ದರು. ಯಂತ್ರದ ಶೀತಲೀಕರಣ ಬಂದು ಆ ಕಟ್ಟೆಗಳೂ ಆ ಕೆಲಸವೂ ಅಳಿದವು.

ಇಷ್ಟೆಲ್ಲ ತಿಳಿಯುವುದೆಲ್ಲಿಂದ? ಆಯಾ ಕಾಲದ ‘ಅಫಿಷಿಯಲ್ ರೈಲ್ವೆ ಇಕ್ವಿಪ್‌ಮೆಂಟ್ ರಿಜಿಸ್ಟರ್’ ಎಂಬ ದಪ್ಪ ಗ್ರಂಥದಲ್ಲಿ ಯಾವ ಕಂಪನಿಗೆ ಯಾವ ಸಂಖ್ಯೆಯ, ಯಾವ ಅಳತೆಯ ವ್ಯಾಗನ್ನು ಎಷ್ಟಿದ್ದವೆಂಬ ಪಟ್ಟಿಯಿದೆ. ಅದಕ್ಕಿಂತ ಮಿಗಿಲಾದದ್ದು ಇಸವಿ ಬರೆದ ಭಾವಚಿತ್ರ. ಆ ವ್ಯಾಗನ್ನುಗಳ ಬಹುಭಾಗ ಗುಜರಿಗೆ ಸಂದಿವೆ. ಉಳಿದ ಕೆಲವನ್ನು ಪೆನ್ಸಿಲ್ವೇನಿಯದ ಸ್ಟ್ರಾಸ್‌ಬರ್ಗಿನ ರೈಲು ಸಂಗ್ರಹಾಲಯದಂಥ ಕಡೆ ನೋಡಬಹುದು.

ಈ ಕ್ರಮ ನಮ್ಮ ನಾಡಿಗೂ ಹೊಂದುತ್ತದೆ. ಹುಬ್ಬಳ್ಳಿಯ ಮೀಟರ್ ಗೇಜ್ ಅಂಗಳವನ್ನು ಯಾರಾದರೂ ಕಿರಿದಾಗಿ ಕಟ್ಟಲು ಹೊರಟರೆ ಅವರೂ ಇಸವಿಯನ್ನೇ ಮೊದಲು ಕೇಳಿಕೊಳ್ಳಬೇಕಾದೀತು. 1951ರ ಏಪ್ರಿಲ್‌ಗೆ ಮುನ್ನ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ; ಆಮೇಲೆ ದಕ್ಷಿಣ ರೈಲ್ವೆ; 1966ರ ಅಕ್ಟೋಬರಿನಿಂದ ದಕ್ಷಿಣ ಮಧ್ಯ ರೈಲ್ವೆ; 2003ರಿಂದ ನೈಋತ್ಯ ರೈಲ್ವೆ. ಆಡಳಿತ ಬದಲಾದ ಮರುದಿನವೇ ವ್ಯಾಗನ್ನಿನ ಮೇಲಿನ ಅಕ್ಷರಗಳು ಬದಲಾಗುವುದಿಲ್ಲವಷ್ಟೆ. ಹಳೆಯ ಅಕ್ಷರಗಳು ಎಷ್ಟು ಕಾಲ ಉಳಿದವೆಂಬುದನ್ನು ಹೇಳಬಲ್ಲದ್ದು ಆಗಿನ ಭಾವಚಿತ್ರವೊಂದೇ. 1885ರಿಂದ ನಡೆದುಬಂದ ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ದುಡಿದ ಕುಟುಂಬಗಳು ನಮ್ಮ ವಾಚಕರಲ್ಲಿಯೂ ಉಂಟು. ಅವರ ಮನೆಯ ಪೆಟ್ಟಿಗೆಗಳಲ್ಲಿ ಅಂಥ ಚಿತ್ರಗಳಿದ್ದರೆ, ಹಿರಿಯರು ಬದುಕಿರುವಾಗಲೇ ಕೇಳಿ, ಹಿಂಬದಿಯಲ್ಲಿ ಊರು ಮತ್ತು ಇಸವಿಯನ್ನು ಪೆನ್ಸಿಲ್ಲಿನಿಂದ ಬರೆದಿಡಬೇಕೆಂದು ಕೋರುತ್ತೇವೆ.