ಶಿವನಿಯ ಹೊಲದಲ್ಲಿ ಎರಡು ಬಗೆಯ ಬರ

ಬೀರೂರಿನಿಂದ ಚಿಕ್ಕಜಾಜೂರಿನತ್ತ ಹೊರಟ ರೈಲಿಗೆ ಅಜ್ಜಂಪುರ ದಾಟಿದ ಮೇಲೆ ಸಿಗುವ ನಿಲ್ದಾಣ ಶಿವನಿ. ಬಾಬಾಬುಡನ್ ಗಿರಿಯ ಆಚೆ ಸುರಿಯುವ ಮಳೆಯಲ್ಲಿ ಈ ಬಯಲಿಗೆ ದಕ್ಕುವುದು ಅಲ್ಪಸ್ವಲ್ಪ. ಊರು ಬಿಟ್ಟು ಹೊಲದ ಬದು ಹಿಡಿದರೆ ಒಂದು ಕಡೆ ಕೊಳವೆಬಾವಿ ನಂಬಿದ ಅಡಿಕೆ ತೋಟ, ಇನ್ನೊಂದು ಕಡೆ ಮುಗಿಲು ನಂಬಿದ ರಾಗಿ.

ಮಳೆ ಕೈಕೊಟ್ಟ ಸೆಪ್ಟೆಂಬರ್ ಮಧ್ಯಾಹ್ನ ರಾಗಿಯ ಎಲೆ ಸುರುಳಿ ಸುತ್ತಿಕೊಂಡಿದೆ. ನೋಡಿದರೆ ಬಾಡಿತೆನಿಸುತ್ತದೆ, ಆದರೆ ಎಲೆ ಸುತ್ತಿಕೊಂಡಷ್ಟೂ ಬಿಸಿಲಿಗೆ ಒಡ್ಡುವ ಮೈ ಕಡಿಮೆ, ಆವಿಯಾಗುವ ನೀರೂ ಕಡಿಮೆ. ಒಂದು ಹದ ಮಳೆ ಬಿದ್ದರೆ ಪೈರು ಮತ್ತೆ ಚೇತರಿಸಿಕೊಳ್ಳುತ್ತದೆ.

ಈ ಗುಣವನ್ನು ಕೆಡಿಸದೆ ಇಳುವರಿ ಏರಿಸುವುದು ಹೇಗೆ? ರಾಗಿಯ ಹೂ ತೀರಾ ಸಣ್ಣದು, ತನ್ನ ಪರಾಗಕ್ಕೆ ತಾನೇ ಕಾಳು ಕಟ್ಟುತ್ತದೆ. ಹಾಗಾಗಿ ಅಡ್ಡತಳಿ ಮಾಡುವುದು ಕಷ್ಟ. ಆದರೂ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ದಪ್ಪ ತೆನೆಯ ಆಫ್ರಿಕಾ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂ.ಎಲ್.-365 ಬರವನ್ನೂ ಬೆಂಕಿರೋಗವನ್ನೂ ತಾಳುವ ತಳಿ. ಇಂಡಾಫ್-5 ಅದರ ಹೆತ್ತ ತಳಿಗಳಲ್ಲೊಂದು.

ಇನ್ನಷ್ಟು ನಡೆದರೆ ಮಣ್ಣಿನ ಬಣ್ಣ ಕಪ್ಪಾಗುತ್ತದೆ. ಎರೆ ನೆಲದ ಬರವೇ ಬೇರೆ. ಇಂಥದೇ ಎರೆಯಿರುವ ಧಾರವಾಡದ ಕಡೆ ಮಳೆಯಾಶ್ರಿತ ಗೋಧಿಯನ್ನು ಬಿತ್ತುವುದು ಹಿಂಗಾರಿನಲ್ಲಿ, ಮಳೆಗಾಲ ಮುಗಿಯುತ್ತಾ ಬಂದಾಗ. ಅಲ್ಲಿಂದ ಕೊಯ್ಲಿನವರೆಗೆ ಎರೆ ಹಿಡಿದಿಟ್ಟ ತೇವವೇ ಗತಿ. ಅದು ಆರುವುದರೊಳಗೆ, ಬಿಸಿಲು ಏರುವುದರೊಳಗೆ ಕಾಳು ತುಂಬದಿದ್ದರೆ ಗೋಧಿ ಜೊಳ್ಳು. ಹಾಗಾಗಿ ಅಲ್ಲಿನ ತಳಿವಿಜ್ಞಾನಿ ಆಳಕ್ಕಿಳಿಯುವ ಬೇರನ್ನೂ ಬೇಗ ಮಾಗುವ ತೆನೆಯನ್ನೂ ಹುಡುಕುತ್ತಾನೆ. ಕೆಂಪು ಮಸಾರಿಯ ರಾಗಿಗೆ ಬೇಕಾದದ್ದು ಓಟವಲ್ಲ, ಎರಡು ಮಳೆಗಳ ನಡುವೆ ಕಾಯುವ ತಾಳ್ಮೆ.

ಅಂದಮೇಲೆ ‘ಬರ ತಾಳುವ ತಳಿ’ ಎಂಬ ಹಣೆಪಟ್ಟಿಯೊಂದೇ ಸಾಲದು. ಬಿತ್ತನೆಗೇ ಮಳೆ ತಡವಾದರೆ ಎಂ.ಎಲ್.-365ಕ್ಕಿಂತ ಬೇಗ ಕೊಯ್ಲಿಗೆ ಬರುವ ಜಿಪಿಯು-48 ರಾಗಿ ವಾಸಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಹರಿಯಲೆಂದು ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಸುರಂಗವನ್ನೇ ಕೊರೆದಿದ್ದಾರೆ. ಆದರೂ ಕಾಲುವೆ ಮುಟ್ಟದ ದಿನ್ನೆಗಳು ಉಳಿದೇ ಉಳಿಯುತ್ತವೆ. ಅಲ್ಲಿನ ರೈತ ಬೀಜದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವ ಬರ ತಾಳುತ್ತದೆ, ಮಳೆಗಳ ನಡುವಿನದ್ದೋ, ಬೆಳೆಯ ಕೊನೆಯದ್ದೋ?